ಉಮ್ಮರ್ ರಾಜನಾದ ಶುಕ್ರವಾರ

ಮಸ್ಕತ್ತಿನ ಹಮ್ರಿಯಾದಲ್ಲಿರುವ ಸಚ್ಚಿದಾನಂದನ ಮನೆಗೆ ಹೋದವರು ಈಗ ರೋಮಿನ ಮಾತೆತ್ತಿದರೆ, ಹೆಂಡತಿ ಪ್ರತಿಮಾ ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳಿ ಮಾತು ತಿರುಗಿಸುತ್ತಾಳೆ. ಮೊದಲು ಹೀಗಿರಲಿಲ್ಲ. ಆ ಮನೆಯಲ್ಲಿ ರೋಮಿನ ಕಥೆ ಕೇಳದೆ ಚಹಾ ಕುಡಿದು ಎದ್ದವರೇ ಇರಲಿಲ್ಲ.

ಗದಗಿನ ಯಾವುದಾದರೂ ಕಾಲೇಜಿನಲ್ಲಿ ಇತಿಹಾಸ ಕಲಿಸಬೇಕೆಂದಿದ್ದ ಮನುಷ್ಯ ಅವನು. ಅದು ಕೈಗೂಡದೆ ಮಸ್ಕತ್ತಿಗೆ ಬಂದು, ತೈಲಬಾವಿಗಳಿಗೆ ಪೈಪು ಜೋಡಿಸುವ ಒಂದು ಕಂಪನಿಯಲ್ಲಿ ಎಚ್.ಆರ್. ಆಫೀಸರ್ ಆಗಿದ್ದ. ಹಗಲೆಲ್ಲ ವೀಸಾ, ರಜೆ, ಟಿಕೆಟ್ಟು. ಮನೆಗೆ ಬಂದರೆ ಹಳೆಯ ರೋಮಿನ ಹಬ್ಬಗಳು. ರೋಮ್ ಕಟ್ಟಿದ ರೋಮುಲಸ್ ತಮ್ಮನನ್ನು ಕೊಂದ ಮೇಲೆ ಆ ತಮ್ಮನ ಪ್ರೇತಕ್ಕೆ ಸಮಾಧಾನವಾಗಲಿ ಎಂದು ಒಂದು ಹಬ್ಬವೇ ಹುಟ್ಟಿತಂತೆ. ಮನೆಯ ಯಜಮಾನ ಬರಿಗಾಲಲ್ಲಿ ನಡೆಯುತ್ತ ಹಿಂದಕ್ಕೆ ಕರಿ ಅವರೆಕಾಳು ಎಸೆಯುತ್ತಾನಂತೆ, ತಿರುಗಿ ಮಾತ್ರ ನೋಡಬಾರದಂತೆ. ಇಂಥದ್ದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು, ತಾನೇ ಕಾಳು ಎಸೆದು ಬಂದವನ ಹಾಗೆ.

ಎಲ್ಲಕ್ಕಿಂತ ಅವನಿಗೆ ಇಷ್ಟವಾದದ್ದು ಸ್ಯಾಟರ್ನ್ ದೇವರ ಹಬ್ಬ. ಮಗನೇ ಸ್ವರ್ಗದಿಂದ ಓಡಿಸಿದ ಮುದಿ ದೇವರು ಹಡಗು ಹತ್ತಿ ಪರದೇಶಕ್ಕೆ ಬಂದ. ಅಲ್ಲಿನ ರಾಜ ಜಾಗ ಕೊಟ್ಟ. ದೇವರು ಜನರಿಗೆ ಬೇಸಾಯ ಕಲಿಸಿದ. ಅವನ ಕಾಲದಲ್ಲಿ ಒಡೆಯನೂ ಇರಲಿಲ್ಲ, ಆಳೂ ಇರಲಿಲ್ಲ. ಆ ಕಾಲದ ನೆನಪಿಗೆ ಡಿಸೆಂಬರಿನಲ್ಲಿ ಹಬ್ಬ. ಒಡೆಯರು ಆಳುಗಳಿಗೆ ಬಡಿಸುತ್ತಾರೆ, ಚೀಟಿ ಎತ್ತಿ ಒಬ್ಬನನ್ನು ರಾಜ ಮಾಡುತ್ತಾರೆ, ಅವನು ಹೇಳಿದ್ದನ್ನು ಎಲ್ಲರೂ ಕೇಳಬೇಕು.

ಎರಡು ಸಾವಿರದ ಹದಿನೈದು. ಎಣ್ಣೆಯ ಬೆಲೆ ಪಾತಾಳಕ್ಕೆ ಇಳಿದಿತ್ತು. ಓವರ್‌ಟೈಮ್ ನಿಂತಿತ್ತು, ಕೆಲಸಗಾರರ ಕ್ಯಾಂಪಿನಲ್ಲಿ ಗುಸುಗುಸು ಶುರುವಾಗಿತ್ತು. ಕೈಯಲ್ಲಿದ್ದ ಕೆಲಸ ಡಿಸೆಂಬರ್ ಕೊನೆಗೆ ಮುಗಿಸಿ ಒಪ್ಪಿಸಬೇಕು, ಅಲ್ಲಿಯವರೆಗೆ ಜನ ಗಲಾಟೆ ಮಾಡಬಾರದು, ಏನಾದರೂ ಮಾಡು ಎಂದರು ಜನರಲ್ ಮ್ಯಾನೇಜರ್. ಸಚ್ಚಿದಾನಂದ ಹಿಂದೆ ಮುಂದೆ ನೋಡದೆ ತನ್ನ ಹಬ್ಬ ಮುಂದಿಟ್ಟ. ಅವರು ಖುಷಿಯಾಗಿ ಒಪ್ಪಿದರು.

ಪ್ರತಿಮಾ ಮಾತ್ರ ಹಣೆ ಚಚ್ಚಿಕೊಂಡಳು. "ಸ್ಯಾಟರ್ನ್ ಅಂದ್ರ ನಮ್ಮ ಶನಿನ ಅಲ್ರೀ? ಶನಿಗೆ ಎಳ್ಳೆಣ್ಣಿ ದೀಪಾ ಹಚ್ಚಿ ದೂರಿಂದನ ಕೈ ಮುಗೀತಾರ. ನೀವು ಕರದು ಊಟಕ್ಕ ಕೂಡಸ್ತೀರಿ?"

"ಆ ಶನಿನ ಬ್ಯಾರೆ, ಈ ದೇವರ ಬ್ಯಾರೆ," ಎಂದು ಅವನು ನಕ್ಕ. ಮತ್ರಾದ ಸೂಕ್ ಬಜಾರಿಗೆ ಹೋಗಿ ಎಲ್ಲರಿಗೂ ಬಿಳಿ ಟೋಪಿ ತಂದ. ಆ ಹಬ್ಬದಲ್ಲಿ ಒಡೆಯ ಆಳು ಎನ್ನದೆ ಎಲ್ಲರೂ ಒಂದೇ ಥರದ ಟೋಪಿ ಹಾಕುತ್ತಿದ್ದರಲ್ಲ, ಅದಕ್ಕೆ.

ಹಬ್ಬದ ಹಿಂದಿನ ದಿನ ಕಾರಿನಲ್ಲಿ ಹೋಗುವಾಗ ಜನರಲ್ ಮ್ಯಾನೇಜರ್ ಇನ್ನೊಂದು ಸುದ್ದಿ ಹೇಳಿದರು. ಜನವರಿಯಲ್ಲಿ ಅರ್ಧ ಕ್ಯಾಂಪು ಖಾಲಿ. ಮೊದಲು ಡ್ರೈವರುಗಳು, ಆಮೇಲೆ ಅಡುಗೆಯವರು. ಯಾರ ಮುಂದೆಯೂ ಬಾಯಿ ಬಿಡಬೇಡ ಎಂದರು. ಸಚ್ಚಿದಾನಂದ ಮನೆಗೆ ಬಂದು ಮರುದಿನದ ಭಾಷಣ ತಿದ್ದುತ್ತ ಕುಳಿತ.

ಶುಕ್ರವಾರ ಮಧ್ಯಾಹ್ನ ಕ್ಯಾಂಪಿನ ಮೆಸ್ಸು ತುಂಬಿತ್ತು. ಎಂಜಿನಿಯರುಗಳು ಸೊಂಟಕ್ಕೆ ಏಪ್ರನ್ ಕಟ್ಟಿ ಸಾಲಾಗಿ ನಿಂತಿದ್ದರು. ಸಚ್ಚಿದಾನಂದ ಕಥೆ ಹೇಳಿದ. ಗುಡಿಯಲ್ಲಿ ಆ ದೇವರ ಕಾಲಿಗೆ ವರ್ಷವೆಲ್ಲ ಉಣ್ಣೆಯ ಹಗ್ಗ ಕಟ್ಟಿರುತ್ತಾರೆ, ಹಬ್ಬದ ದಿನ ಮಾತ್ರ ಬಿಚ್ಚುತ್ತಾರೆ ಎಂದ.

"ಮರುದಿನ ಪುನಃ ಕಟ್ತಾರಾ ಸಾರ್?" ಎಂದು ಕೇಳಿದ ಉಮ್ಮರ್. ಬಂಟ್ವಾಳದ ಕಡೆಯ ಬ್ಯಾರಿ, ಕಂಪನಿಯ ಅತಿ ಹಳೆಯ ಡ್ರೈವರ್. ಮೆಸ್ಸೆಲ್ಲ ಗೊಳ್ಳೆಂದಿತು.

ಆ ನಗೆಯಿಂದ ಸಚ್ಚಿದಾನಂದನಿಗೆ ಹುರುಪು ಏರಿತು. ಅಂದು ಆಳು ಒಡೆಯನ ಮುಖಕ್ಕೆ ಏನು ಬೇಕಾದರೂ ಹೇಳಬಹುದಿತ್ತು ಎಂದ. ಅಷ್ಟು ಪುಸ್ತಕದಲ್ಲಿತ್ತು. "ಒಡೆಯ ಅವತ್ತು ಸುಳ್ಳು ಹೇಳೂಹಂಗಿರಲಿಲ್ಲ. ಕೇಳಿದ್ದಕ್ಕ ಖರೇನ ಹೇಳಬೇಕಾಗಿತ್ತು," ಎಂದೂ ಸೇರಿಸಿದ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಚಪ್ಪಾಳೆ ಬೀಳಲಿ ಎಂದು ಆ ಗಳಿಗೆಯಲ್ಲಿ ಹುಟ್ಟಿಸಿಕೊಂಡದ್ದು. ಚಪ್ಪಾಳೆ ಬಿತ್ತು.

ಅಡುಗೆಯ ಮಾರ್ಸೆಲಿನ್ ಖಾಲಿ ಬಿರಿಯಾನಿ ಚೆರಿಗೆಯೊಳಗೆ ಕೈ ಹಾಕಿ ಚೀಟಿ ಎತ್ತಿದ. ಉಮ್ಮರನ ಹೆಸರು ಬಂತು. ಅವನನ್ನು ಮೇಜಿನ ತಲೆಗೆ ಕೂರಿಸಿದರು. ರಾಜ ಒಬ್ಬ ಎಂಜಿನಿಯರನಿಂದ ಹಾಡಿಸಿದ, ಇನ್ನೊಬ್ಬನನ್ನು ಕುಣಿಸಿದ. ಆಮೇಲೆ ಪಾಯಸದ ಸೌಟು ಹಿಡಿದಿದ್ದ ಸಚ್ಚಿದಾನಂದನನ್ನು ಹತ್ತಿರ ಕರೆದ.

"ಸಾರ್, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಅಲ್ ಹೈಲಿನಲ್ಲಿ ಒಂದು ಶಾಲೆಯ ಬಸ್ಸಿಗೆ ನನ್ನನ್ನು ಕರೀತಿದ್ದಾರೆ. ಕಂಪನಿಯಿಂದ ಬಿಡುಗಡೆಯ ಎನ್ಒಸಿ ತಗೊಂಡು ಈ ವಾರದೊಳಗೆ ಬಾ ಅಂತ. ಇಷ್ಟು ವರ್ಷದ ಕಂಪನಿ, ಬಿಡ್ಲಿಕ್ಕೆ ಮನಸ್ಸು ಬರುವುದಿಲ್ಲ. ಇಲ್ಲಿ ನನ್ನ ಕೆಲಸಕ್ಕೆ ಎಂತದಾದ್ರೂ ತೊಂದರೆ ಉಂಟಾ? ಇವತ್ತು ನೀವು ಸುಳ್ಳು ಹೇಳುವ ಹಾಗಿಲ್ಲ."

ಎಲ್ಲರೂ ಸಚ್ಚಿದಾನಂದನತ್ತ ತಿರುಗಿದರು. ಒಳಗಿನ ಗುಟ್ಟು ಬಿಡಬೇಕಾಗಿಯೇ ಇರಲಿಲ್ಲ. ಒಳ್ಳೆ ನೌಕರಿ, ಹೋಗಿಬಿಡ್ರಿ ಎಂದು ನಕ್ಕಿದ್ದರೆ ಸಾಕಿತ್ತು. ಆದರೆ ಹಾಗೆಂದರೆ ಎಲ್ಲರ ಮುಖ ಕಪ್ಪಿಡುತ್ತಿತ್ತು, ಟೋಪಿಗಳೆಲ್ಲ ಕೆಳಗಿಳಿಯುತ್ತಿದ್ದವು. ಎಷ್ಟು ವರ್ಷದಿಂದ ಪುಸ್ತಕದಲ್ಲಷ್ಟೇ ಇದ್ದ ಹಬ್ಬ ಕಣ್ಣೆದುರು ನಡೆಯುತ್ತಿತ್ತು. ಅದು ಕೆಡುವುದು ಅವನಿಗೆ ಬೇಕಿರಲಿಲ್ಲ.

"ಅಂಥಾದ್ದೇನೂ ಇಲ್ರಿ ಉಮ್ಮರ್ ಭಾಯ್. ನೀವು ಎಲ್ಲೂ ಹೋಗಬ್ಯಾಡ್ರಿ," ಎಂದ.

"ಖಲಾಸ್, ಮುಗೀತು!" ಎಂದು ಉಮ್ಮರ್ ಮೇಜು ಗುದ್ದಿದ. "ಶಾಲೆಗೆ ಇಲ್ಲ ಅಂತ ಹೇಳ್ತೇನೆ." ಎಲ್ಲರೂ ಶಿಳ್ಳೆ ಹೊಡೆದರು. ಸಚ್ಚಿದಾನಂದ ಅವನ ಬಟ್ಟಲಿಗೆ ಇನ್ನೊಂದು ಸೌಟು ಪಾಯಸ ಹಾಕಿದ.

ಆ ವಾರದಲ್ಲಿ ಉಮ್ಮರನಿಗೆ ನಿಜ ಹೇಳಲು ಎಷ್ಟೋ ಸಲ ಅವನು ಫೋನು ಕೈಗೆತ್ತಿಕೊಂಡು ಕೆಳಗಿಟ್ಟ. ಜನರಲ್ ಮ್ಯಾನೇಜರರ ಭಯ ಎಂದು ಪ್ರತಿಮಾಗೆ ಹೇಳಿದ. ಭಯವಾಗಿದ್ದರೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ ಎಂದು ಅವನಿಗೇ ಗೊತ್ತಿತ್ತು. ಒಂದು ಮಧ್ಯಾಹ್ನದ ಚಪ್ಪಾಳೆಗಾಗಿ ಒಬ್ಬನ ಅನ್ನಕ್ಕೆ ಮಣ್ಣು ಹಾಕಿದ್ದ. ವಾರ ಕಳೆಯಿತು. ಶಾಲೆಯವರು ಬೇರೆ ಡ್ರೈವರನನ್ನು ಹಿಡಿದರು.

ಜನವರಿಯಲ್ಲಿ ನೋಟಿಸುಗಳು ಹೋದವು. ಉಮ್ಮರ್ ಸಹಿ ಹಾಕಿ, ಗಾಡಿಯ ಕೀಲಿಯನ್ನು ಸಚ್ಚಿದಾನಂದನ ಮೇಜಿನ ಮೇಲಿಟ್ಟು ಹೋದ. ಯಾಕೆಂದು ಕೇಳಿದ್ದರೆ ಚೆನ್ನಾಗಿತ್ತು.

ಹೋಗುವವರನ್ನು ಏರ್‌ಪೋರ್ಟಿಗೆ ಮುಟ್ಟಿಸುವುದೂ ಎಚ್.ಆರ್. ಕೆಲಸ. ಸಚ್ಚಿದಾನಂದ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತಿದ್ದ. ಹಿಂದಿನಿಂದ ಮಾರ್ಸೆಲಿನ್ ದನಿ ಕೇಳಿಸಿತು. ಅವನ ಕೆಲಸವೂ ಹೋಗಿತ್ತು.

"ಆ ಮನುಷ್ಯನಿಗೆ ಗೊತ್ತಿತ್ತು ಮಾರಾಯ. ನಮಗೆ ಪಾಯಸ ಬಡಿಸುವಾಗಲೇ ಗೊತ್ತಿತ್ತು."

"ಬಾಯಿ ಮುಚ್ಚು!" ಉಮ್ಮರ್ ಸಿಡಿದ. "ಅವರಿಗೆ ಗೊತ್ತಿದ್ದರೆ ನನ್ನ ಹತ್ರ ಹೇಳದೆ ಇರ್ತಿದ್ರಾ? ಆ ದಿನ ಸುಳ್ಳು ಹೇಳುವ ಹಾಗಿಲ್ಲ ಅಂತ ಅವರೇ ಹೇಳಿದ್ದಲ್ವಾ? ಇನ್ನೊಮ್ಮೆ ಹೀಗೆ ಮಾತಾಡಿದರೆ ನಿನ್ನ ಮುಖ ನೋಡುವುದಿಲ್ಲ."

ಸಚ್ಚಿದಾನಂದನಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಏರ್‌ಪೋರ್ಟಿನಲ್ಲಿ ಮಾರ್ಸೆಲಿನ್ ಮುಂದೆ ಹೋದ ಮೇಲೆ ಸಚ್ಚಿದಾನಂದ ಉಮ್ಮರನ ಟ್ರಾಲಿ ಹಿಡಿದು ನಿಲ್ಲಿಸಿದ.

"ಉಮ್ಮರ್ ಭಾಯ್, ಬಸ್ಸಿನಾಗ ಮಾರ್ಸೆಲಿನ್ ಹೇಳಿದ್ದು ಖರೆ. ನನಗ ಹಿಂದಿನ ದಿನಾನ ಗೊತ್ತಿತ್ತು. ಸುಳ್ಳು ಹೇಳಬಾರದು ಅಂಬೋದೂ ಆ ಹಬ್ಬದಾಗ ಇರಲಿಲ್ಲ, ನಾನ ಹುಟ್ಟಿಸಿದ್ದು."

ಉಮ್ಮರ್ ಟ್ರಾಲಿಯ ಮೇಲಿನ ಪೆಟ್ಟಿಗೆಯ ಹಗ್ಗ ಬಿಗಿ ಮಾಡಿದ. ಬೈಯಲಿ, ಇಲ್ಲಿಯೇ ಕಪಾಳಕ್ಕೆ ಬಾರಿಸಲಿ ಎಂದು ಸಚ್ಚಿದಾನಂದ ಕಾದ.

"ಇದನ್ನು ಮಾರ್ಸೆಲಿನ್ ಹತ್ರ ಹೇಳ್ಬೇಡಿ ಸಾರ್," ಎಂದ ಉಮ್ಮರ್. "ನಿಮಗೋಸ್ಕರ ನಾನು ಅವನ ಹತ್ರ ಜಗಳ ಮಾಡಿದ್ದೇನೆ. ಈಗ ಊರು ಮುಟ್ಟುವವರೆಗೆ ಅವನ ಪಕ್ಕದಲ್ಲೇ ಕೂತು ಹೋಗ್ಬೇಕಲ್ಲ."

ಟ್ರಾಲಿಯಿಂದ ಸಚ್ಚಿದಾನಂದನ ಕೈಯನ್ನು ಮೆಲ್ಲಗೆ ಬಿಡಿಸಿ, ಅದನ್ನು ತಾನೇ ತಳ್ಳಿಕೊಂಡು ಒಳಗೆ ಹೋದ.