ಕಾಲಿನ ಕಡೆ ಒಂದು ಮೊಳ

ಯಲಹಂಕದಾಚೆಯ ಒಂದು ಊರಿನ ಸ್ಮಶಾನದಲ್ಲಿ ಗುಂಡಿ ತೋಡುವವರೊಬ್ಬರಿದ್ದರು. ಸುತ್ತ ಅಪಾರ್ಟ್‌ಮೆಂಟುಗಳೆದ್ದು ಹೂಳಲು ಜಾಗ ಸಾಲದಿದ್ದರೂ, ಪ್ರತಿ ಸಮಾಧಿಯ ಕಾಲಿನ ಕಡೆ ಅವರು ಒಂದು ಮೊಳ ಖಾಲಿ ಬಿಡುತ್ತಿದ್ದರು. ಯಾಕೆಂದು ಕೇಳಿದರೆ, ಗುದ್ದಲಿಗೆ ಮೆತ್ತಿದ ಮಣ್ಣನ್ನು ಹೆಬ್ಬೆರಳಿನಿಂದ ಕೆರೆಯುತ್ತಾ, "ಇರ್ಲಿ ಬಿಡಿ ಸಾಮಿ, ಬೇಕಾಯ್ತದೆ" ಎನ್ನುತ್ತಿದ್ದರು.

ಯಾರಿಗೆ ಬೇಕಾಗುತ್ತದೆಂದು ಒಂದು ಬೆಳಿಗ್ಗೆ ಕಂಡೆ. ವರ್ಷದ ಹಿಂದೆ ಗಂಡನನ್ನು ಅಲ್ಲಿ ಮಣ್ಣು ಮಾಡಿದ್ದ ಹೆಂಗಸೊಬ್ಬರು, ಆತ ಸಾಕಿದ್ದ ನಾಯಿ ಸತ್ತಾಗ ಅದನ್ನು ಆತನದೇ ಹಳೆಯ ಪಂಚೆಯಲ್ಲಿ ಸುತ್ತಿ ತಂದಿದ್ದರು.

"ಊರೋರು ಬೈತಾರೇನಣ್ಣ?"

"ಬದುಕಿರೋಗಂಟ ಯಜಮಾನ್ರ ಕಾಲ್ತಾವೇ ಮಲಗ್ತಿತ್ತಲ್ಲಮ್ಮ, ಈಗ್ಯಾಕೆ ದೂರ ಕಳ್ಸೋದು? ಇರ್ಲಿ ಬಿಡಿ."

ಮನುಷ್ಯರಿಗೆ ಹಾಕುವಂತೆಯೇ ಉಪ್ಪು ಹಾಕಿ ಮಣ್ಣು ಮುಚ್ಚಿದರು.

ಇದನ್ನು ಪತ್ರಿಕೆಗೆ ಬರೆಯಲೇ ಎಂದು ಕೇಳಿದೆ.

"ಬರೀರಿ. ಊರಿನ್ ಎಸ್ರು ಮಾತ್ರ ಆಕ್ಬೇಡಿ ಸಾಮಿ."

ಊರಿನ ಹೆಸರಿಲ್ಲದ ವರದಿ ವರದಿಯೇ ಅಲ್ಲವೆಂದು ನಾನು ಹೆಸರು ಹಾಕಿದೆ.

ವರದಿ ಬಂದ ಮೂರನೇ ದಿನ ಹೋದೆ. ಹಿರಿಯರ ಪಕ್ಕ ನಾಯಿ ಹೂಳಿದ್ದಾನೆಂದು ಊರಿನವರು ಜಗಳ ತೆಗೆದು, ಗುಂಡಿ ತೋಡಿದವರ ಕೈಯಿಂದಲೇ ಅದನ್ನು ಹೊರಗೆ ತೆಗೆಸಿದ್ದರು. ಖಾಲಿ ಗುಂಡಿಗೆ ಅವರು ಮಣ್ಣು ಎಳೆಯುತ್ತಿದ್ದರು.

"ಮೊಮ್ಮಗಳ ಕೈಲಿ ಓದಿಸ್ಕೊಂಡೆ ಸಾಮಿ," ಎಂದರು ತಲೆಯೆತ್ತದೆ. "ಎಲ್ಲಾ ಸರಿಯಾಗೇ ಬರ್ದಿದ್ದೀರಿ. ಒಂದೂ ಸುಳ್ಳಿಲ್ಲ."

ಆಮೇಲೆ ಅವರು ತೋಡಿದ ಗುಂಡಿಗಳ ಕಾಲಿನ ಕಡೆ ಆ ಒಂದು ಮೊಳ ಇರಲಿಲ್ಲ. ಇಲ್ಲಿ ನಾನು ಊರಿನ ಹೆಸರು ಬರೆದಿಲ್ಲ.