ಕೀ ಕೊಡುವ ವಾಚು, ಕೈ ಬೀಸುವ ವಾಚು

ವಾಚುಗಳಲ್ಲಿ ಕೀ ಕೊಡುವ ವಾಚೇ ಮೇಲು. ಇದನ್ನು ನಾನು ಮದುವೆಯಾದ ವರ್ಷವೇ ಹೇಳಿದ್ದೆ, ಈಗಲೂ ಹೇಳುತ್ತೇನೆ. ಅದರ ಮಷಿನ್ ತೆಳ್ಳಗೆ, ಒಳಗಿನ ಚಕ್ರಗಳು ಕಡಿಮೆ, ಕೆಡುವುದಕ್ಕೆ ಅಲ್ಲಿ ಹೆಚ್ಚೇನೂ ಇಲ್ಲ. ಬೆಳಿಗ್ಗೆ ಕಾಫಿ ಕುಡಿದು ಪಕ್ಕದ ಗುಂಡಿಯನ್ನು ಎರಡು ಬೆರಳಲ್ಲಿ ತಿರುಗಿಸುತ್ತ ಹೋದರೆ ಸ್ಪ್ರಿಂಗ್ ಬಿಗಿಯಾಗುವುದು ಬೆರಳಿಗೇ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಮರುದಿನದವರೆಗೆ ಅದರ ಸುದ್ದಿಗೆ ಹೋಗಬೇಕಾಗಿಲ್ಲ. ಗೋಣಿಬೀಡಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿದಷ್ಟು ವರ್ಷವೂ ನನ್ನ ಕೈಯಲ್ಲಿದ್ದದ್ದು ಅಂಥದ್ದೇ.

ನಮ್ಮ ಯಜಮಾನರದು ಆಟೋಮ್ಯಾಟಿಕ್. ಅದರೊಳಗೆ ಅರ್ಧಚಂದ್ರದ ಹಾಗೊಂದು ಭಾರದ ತಗಡು ಇರುತ್ತದೆ. ಕೈ ಆಡಿದಂತೆಲ್ಲ ಅದು ತಿರುಗಿ ಸ್ಪ್ರಿಂಗನ್ನು ತಾನೇ ಸುತ್ತುತ್ತದೆ. ಕೊಟ್ಟಿಗೆಹಾರದ ಹತ್ತಿರದ ನಮ್ಮ ಸಣ್ಣ ಕಾಫಿ ತೋಟವನ್ನು ದಿನಾ ಹತ್ತಿ ಇಳಿಯುವ ಮನುಷ್ಯನ ಕೈಯಲ್ಲಿ ಅದು ನಿಲ್ಲುವ ಮಾತೇ ಇರಲಿಲ್ಲ.

"ದಿನಾ ಗುಂಡಿ ತಿರುಪಿ ತಿರುಪಿ ಅದರ ಸಂದಿ ಸವೀತದೆ ಮಾರಾಯ್ತಿ, ಮಳೆಗಾಲದ ಥಂಡಿಯೆಲ್ಲ ಒಳಗೆ ಹೋಗ್ತದೆ. ನಂದು ನೋಡು, ಗುಂಡಿ ಮುಟ್ಟೋ ಕೆಲಸವೇ ಇಲ್ಲ" ಎನ್ನುತ್ತಿದ್ದರು.

ಮಾತು ನಿಜವೇ. ಆಷಾಢದಲ್ಲಿ ನನ್ನ ವಾಚಿನ ಗಾಜಿನೊಳಗೆ ಮಂಜು ಕಟ್ಟಿ, ಅದನ್ನು ಅಕ್ಕಿ ಡಬ್ಬದಲ್ಲಿ ಹೂತಿಡಬೇಕಾಗುತ್ತಿತ್ತು. ಹಾಗೆಂದು ಒಪ್ಪಿಕೊಳ್ಳಲಾಗುತ್ತದೆಯೇ? "ಎರಡು ದಿನ ಬಿಚ್ಚಿಟ್ರೆ ನಿಂತು ಹೋಗೋದು ಒಂದು ವಾಚಾ? ಮೈತುಂಬ ಚಕ್ರ, ಮೇಲೊಂದು ತಗಡಿನ ಭಾರ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ತೊಂಬತ್ತರ ದಶಕದಲ್ಲಿ ಎಲ್ಲರ ಕೈಗೂ ಸೆಲ್ ವಾಚು ಬಂದಾಗ ಮಾತ್ರ ನಾವಿಬ್ಬರೂ ಒಂದೇ ಪಾರ್ಟಿ. ಟೈಮ್ ಕರಾರುವಾಕ್ಕು ಎಂಬುದನ್ನು ಬಿಟ್ಟರೆ ಅದರ ಬಗ್ಗೆ ಜಗಳವಾಡಲು ಏನೂ ಇರಲಿಲ್ಲ.

ನಾನು ನಿವೃತ್ತಳಾದ ವರ್ಷ, ಊರಿಗೆ ಮೊಬೈಲು ಬರತೊಡಗಿದ್ದ ಕಾಲ, ಅವರು ತೋಟದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮೂಳೆ ಕೂಡಿತು. ದಿನಾ ನಡೆಯದಿದ್ದರೆ ಕಾಲು ಸೆಟೆದುಕೊಂಡು ಕೊನೆಗೆ ನಡೆಯಲಿಕ್ಕೇ ಆಗದು ಎಂದು ಡಾಕ್ಟರು ಹೆದರಿಸಿದರು. ಇವರು ಜಗಲಿಯ ಕುರ್ಚಿ ಬಿಟ್ಟು ಏಳಲಿಲ್ಲ. ನೋವಿರಲಿಲ್ಲ, ಭಯ ಇತ್ತು. ಅದನ್ನು ಭಯ ಎಂದು ಅವರ ಮುಖಕ್ಕೆ ಹೇಳುವ ಧೈರ್ಯ ನನಗೂ ಆಗಲಿಲ್ಲ.

ಒಂದು ಬೆಳಿಗ್ಗೆ ಅವರ ವಾಚು ನಿಂತಿತ್ತು. ಮಷಿನ್ನಿನ ಎಣ್ಣೆ ಆರಿದೆ ಎಂದು ಅವರೇ ತೀರ್ಮಾನಿಸಿ, ರಿಪೇರಿಗೆ ಕೊಡಲು ನನ್ನನ್ನು ಮೂಡಿಗೆರೆಗೆ ಅಟ್ಟಿದರು. ಕೈಗೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಇಳಿಯುವಾಗ ನೋಡಿದರೆ ಆರಾಮಾಗಿ ಓಡುತ್ತಿದೆ. ವಾಚಿಗೆ ಏನೂ ಆಗಿಲ್ಲ, ಕಟ್ಟಿಕೊಂಡ ಕೈ ಆಡುತ್ತಿಲ್ಲ, ಅಷ್ಟೇ. ಅಂಗಡಿಗೆ ಹೋಗದೆ ತರಕಾರಿ ಕೊಂಡು ಮನೆಗೆ ಬಂದು, ಸರಿಯಾಯಿತಂತೆ ಎಂದೆ.

ಮತ್ತೆ ನಿಂತರೆ ಕಾರಣ ಅವರಿಗೂ ಹೊಳೆಯುತ್ತದೆ, ಹೊಳೆದರೆ ಮನುಷ್ಯ ಪೂರಾ ಕುಸಿಯುತ್ತಾನೆ ಎಂದು ನನ್ನ ಲೆಕ್ಕ. ಆದ್ದರಿಂದ ಅವರು ಊಟಕ್ಕೆ ಬಿಚ್ಚಿಟ್ಟು, ಉಂಡು ಮಲಗಿದಾಗ ನಾನದನ್ನು ಕಟ್ಟಿಕೊಂಡು ನೀರು ಸೇದುತ್ತಿದ್ದೆ, ಮಜ್ಜಿಗೆ ಕಡೆಯುತ್ತಿದ್ದೆ, ಸಾರಿಗೆ ಇಂಗಿನ ಒಗ್ಗರಣೆ ಹಾಕುತ್ತಿದ್ದೆ. ಸ್ಟೀಲಿನ ಪಟ್ಟಿ ಮೊಳಕೈವರೆಗೆ ಜಾರುತ್ತಿತ್ತು. ಆಟೋಮ್ಯಾಟಿಕ್ ಮಷಿನ್ನನ್ನು ಅಷ್ಟು ಬೈದವಳು ಅದರ ಸೇವೆಗೆ ನಿಂತಿದ್ದೆ. ವಾಚು ಚೆನ್ನಾಗಿ ನಡೆಯಿತು, ಅವರು ಕೂತೇ ಇದ್ದರು.

ಕಾಫಿ ಕೊಯ್ಲಿನ ಹೊತ್ತಿಗೆ ಸಂಸೆಯಲ್ಲಿ ತಂಗಿಯ ಮನೆಯ ಒಂದು ಕಾರ್ಯಕ್ಕೆ ಹೋಗಿ ನಾಲ್ಕು ದಿನ ನಿಲ್ಲಬೇಕಾಯಿತು. ವಾಪಸು ಬಂದವಳು ಮೊದಲು ನೋಡಿದ್ದು ಅವರ ಕೈ. ಸೆಕೆಂಡಿನ ಮುಳ್ಳು ಓಡುತ್ತಿತ್ತು. ಹಾಗಾದರೆ ಎದ್ದು ನಡೆದಿದ್ದಾರೆ! ಎಷ್ಟೋ ತಿಂಗಳಲ್ಲಿ ಅಷ್ಟು ಖುಷಿ ನನಗೆ ಆಗಿರಲಿಲ್ಲ. ಮನೆಗೆಲಸಕ್ಕೆ ಬರುವ ಹೆಂಗಸು ಅಷ್ಟರಲ್ಲಿ ಒಳಗಿನಿಂದ ಬಂದು ಹೇಳಿದಳು: "ಅಮ್ಮ, ದಿನಾ ಅಯ್ಯೋರ ವಾಚು ಕಟ್ಕೊಂಡೇ ಅಂಗಳ ಗುಡಿಸ್ದೆ. ನೀವೂ ಹಾಗೇ ಮಾಡ್ತೀರಂತಲ್ಲ, ಅವ್ರೇ ಹೇಳಿದ್ರು."

ನಾನು ತಿರುಗಿ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಪಟ್ಟಿಗೆ ಇಂಗಿನ ವಾಸನೆ ಬರ್ತಿತ್ತು. ನೀನು ಅಷ್ಟು ಕಷ್ಟಪಡುವಾಗ ಎಂತ ಹೇಳೋದು ಅಂತ ಸುಮ್ಮನಿದ್ದೆ" ಎಂದರು. ಆಮೇಲೆ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟರು. "ಇದು ಇನ್ನು ನಂಗೆ ಆಗಿಬರೋದಿಲ್ಲ. ಕೀ ಕೊಡೋದೇ ಒಂದು ತರಿಸು. ಕೂತಲ್ಲೇ ತಿರುಪಬಹುದಲ್ಲ. ನೀನು ಹೇಳ್ತಿದ್ದದ್ದೇ ಸರಿ."

ಈ ಮಾತಿಗಾಗಿ ಸಂಸಾರ ಮಾಡಿದಷ್ಟು ಕಾಲವೂ ಕಾದಿದ್ದೆ. ಈಗ ಅದನ್ನು ಕೇಳಿ ಕೆಟ್ಟ ಕೋಪ ಬಂತು.

"ಕೀ ಕೊಡೋ ವಾಚಿನಲ್ಲಿ ಎಂತ ಉಂಟು? ಕೂತವರ ಕೈಲೂ ಓಡ್ತದೆ, ಮಲಗಿದವರ ಕೈಲೂ ಓಡ್ತದೆ. ನಿಮ್ಮ ಮಷಿನ್ನೇ ಮೇಲು. ಏಳಿ, ಕಣದವರೆಗೆ ಹೋಗಿ ಬರುವ" ಎಂದೆ.

ಅವರು ನನ್ನ ಮುಖ ನೋಡಿದರು. "ಸುಳ್ಳು ಹೇಳ್ತಿದ್ದೀಯ."

"ಹೌದು, ಸುಳ್ಳೇ. ಏಳಿ."

ವಾಚನ್ನು ಅವರ ಕೈಗೆ ಮತ್ತೆ ಕಟ್ಟಿದೆ. ಕುರ್ಚಿಯ ಕೈ ಹಿಡಿದು ಎದ್ದರು, ಮೆಟ್ಟಿಲಿಳಿಯುವಾಗ ನನ್ನನ್ನು ಬೈಯುತ್ತಲೇ ನನ್ನ ಭುಜ ಹಿಡಿದರು. ಕಾಫಿ ಹರಡಿದ ಕಣದ ಅಂಚಿಗೆ ಬರುವಷ್ಟರಲ್ಲಿ ಭುಜ ಬಿಟ್ಟಿದ್ದರು, ಬೈಗುಳ ಬಿಟ್ಟಿರಲಿಲ್ಲ. ಅಲ್ಲಿ ನಿಂತು ಏದುಸಿರು ಬಿಡುತ್ತ ವಾಚನ್ನು ಕಿವಿಗೆ ಹಿಡಿದು, "ನಿನ್ನ ವಾಚಿಗೆ ಈ ಯೋಗ್ಯತೆ ಉಂಟಾ?" ಎಂದು ಕೇಳಿದರು.

ಇಲ್ಲ ಎಂದೆ, ಈ ಸಲ ಸುಳ್ಳು ಹೇಳಲಿಲ್ಲ.