ಎರಡೂ ಕಿವಿ ಕಾಣುವ ಫೋಟೋ

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನಾನು ವಿದ್ಯಾರ್ಥಿಗಳಿಗೆ ಬಸ್ ಪಾಸ್ ಬರೆದುಕೊಡುತ್ತಿದ್ದೆ. ಊರಿಗೆ ಸೈಬರ್ ಸೆಂಟರ್ ಬಂದ ಹೊಸದು. ಎರಡು ಜಡೆಯ ಪಿಯುಸಿ ಹುಡುಗಿಯೊಬ್ಬಳು ಅರ್ಜಿ ಕೊಟ್ಟಳು. ಜೊತೆಗಿಟ್ಟ ಫೋಟೋದಲ್ಲಿ ಅರ್ಧ ಮುಖ ಮುಚ್ಚುವಂತೆ ಕೂದಲು ಇಳಿಬಿಟ್ಟ, ಬೆಳ್ಳಗಿನ ಯಾರೋ ಇದ್ದರು.

"ಯಾರಮ್ಮ ಇದು?"

"ನಾನೇ ಸಾ. ಇಂಟರ್‌ನೆಟ್ಟಲ್ಲೂ ಇದೇ ಹಾಕಿವ್ನಿ. ಅಲ್ಲಿರೋರೆಲ್ಲ ನಾನೇ ಅಂತ ಒಪ್ಕಂಡವ್ರೆ."

"ಕಂಡಕ್ಟರ್ ಒಪ್ಪಬೇಕಲ್ಲ? ಎರಡೂ ಕಿವಿ ಕಾಣೋ ಫೋಟೋ ತಗೊಂಡು ಬಾ."

ಮಾರನೇ ದಿನ ತಂದಳು. ಜಡೆ, ಕಿವಿ, ಸಿಟ್ಟು ಎಲ್ಲವೂ ಚೆನ್ನಾಗಿ ಬಿದ್ದಿದ್ದವು. ಅದನ್ನು ಪಾಸಿಗೆ ಅಂಟಿಸಿ, ಹಳೆಯದನ್ನು ಅರ್ಜಿಗೆ ಪಿನ್ ಮಾಡಿಟ್ಟು, ಪಾಸ್ ಕೊಟ್ಟೆ.

ಎರಡು ತಿಂಗಳಾದ ಮೇಲೆ ಕಂಡಕ್ಟರೊಬ್ಬ ಅದೇ ಪಾಸ್ ಹಿಡಿದು ಬಂದ. "ಯಾರ್ದೋ ಪಾಸ್ ತಂದವ್ಳೆ, ನೋಡಿ ಸಾ."

ಅವನ ಹಿಂದೆ ಅದೇ ಹುಡುಗಿ, ಪೌಡರ್ ಬಳಿದುಕೊಂಡು, ಅರ್ಧ ಮುಖಕ್ಕೆ ಕೂದಲು ಇಳಿಬಿಟ್ಟುಕೊಂಡು ನಿಂತಿದ್ದಳು.

"ಈಗ್ಲಾದ್ರೂ ನಾನೇ ಅಂತೀರಾ ಸಾ?"

ಹಳೇ ಅರ್ಜಿ ಹುಡುಕಿ, ಪಿನ್ ತೆಗೆದು, ನಾನೇ ಬೇಡ ಅಂದಿದ್ದ ಫೋಟೋ ಪಾಸಿಗೆ ಅಂಟಿಸಿ ಸೀಲು ಹಾಕಿದೆ. ಕಂಡಕ್ಟರ್ ಒಮ್ಮೆ ಫೋಟೋ, ಒಮ್ಮೆ ಅವಳನ್ನು ನೋಡಿ, "ಈಗ ಸರಿಯಾಯ್ತು ಬಿಡಿ" ಅಂದ.

ಪಾಸಿನಿಂದ ಕಿತ್ತ, ಕಿವಿ ಕಾಣುವ ಫೋಟೋ ನನ್ನ ಡ್ರಾಯರಿನಲ್ಲೇ ಉಳಿಯಿತು. ಅದನ್ನು ಕೇಳಿಕೊಂಡು ಇದುವರೆಗೆ ಯಾರೂ ಬಂದಿಲ್ಲ.